ಸೋಲಾರ್ ಅಳವಡಿಕೆಯಲ್ಲಿ ಸರಿಯಾದ ಟಾರ್ಕ್: ಬ್ಯಾಟರಿ ಡ್ರೈವರ್ ಎಲ್ಲಿ ನಿಲ್ಲಬೇಕು?

[ದೃಶ್ಯ: ತಾರಸಿಯ ಮೇಲೆ ಒಂದೇ ಸಾಲಿನಲ್ಲಿ ಆರು ಸೋಲಾರ್ ಪ್ಯಾನೆಲ್‌ಗಳು. ಕ್ಯಾಮೆರಾ ಒಂದು ಮಿಡ್ ಕ್ಲಾಂಪ್‌ನ ಹತ್ತಿರಕ್ಕೆ ಬರುತ್ತದೆ.]

ನಮಸ್ಕಾರ. 540 ವ್ಯಾಟ್‌ನ 6 ಪ್ಯಾನೆಲ್‌ಗಳನ್ನು ಎರಡು ರೈಲ್‌ಗಳ ಮೇಲೆ ಒಂದೇ ಸಾಲಿನಲ್ಲಿ ಕೂರಿಸಿದರೆ ಸುಮಾರು 3 ಕಿಲೋವ್ಯಾಟ್‌ನ ಮನೆಬಳಕೆಯ ಘಟಕ ಸಿದ್ಧವಾಗುತ್ತದೆ. ಸಾಲಿನ ಎರಡು ತುದಿಗಳಲ್ಲಿ 4 ಎಂಡ್ ಕ್ಲಾಂಪ್, ಪ್ಯಾನೆಲ್‌ಗಳ ನಡುವೆ 10 ಮಿಡ್ ಕ್ಲಾಂಪ್, ಹೀಗೆ ಒಟ್ಟು 14 ಬೋಲ್ಟ್‌ಗಳು ಆ ಪ್ಯಾನೆಲ್‌ಗಳನ್ನು 25 ವರ್ಷ ಗಾಳಿ ಮಳೆಗಳಲ್ಲಿ ಹಿಡಿದಿಡಬೇಕು. 1 ಕೋಟಿ ಮನೆಗಳ ಗುರಿಯಿಟ್ಟುಕೊಂಡು 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಆರಂಭವಾದ ಮೇಲೆ ಊರೂರಿನ ತಾರಸಿಗಳಲ್ಲಿ ಈ ಕೆಲಸ ನಡೆಯುತ್ತಿದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂಥ ದೊಡ್ಡ ಸ್ಥಾವರದಲ್ಲಾದರೂ ಪ್ಯಾನೆಲ್ ನಿಲ್ಲುವುದು ಇಂಥದೇ ಸಣ್ಣ ಬೋಲ್ಟ್‌ಗಳ ಬಿಗಿತದ ಮೇಲೆ.

ಎಷ್ಟು ಟಾರ್ಕ್‌ಗೆ, ಅಂದರೆ ಎಷ್ಟು ತಿರುಚು ಬಲಕ್ಕೆ, ಬಿಗಿಯಬೇಕು ಎಂಬುದನ್ನು ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರೆ. ಎಂ8 ಅಳತೆಯ (8 ಮಿಲಿಮೀಟರ್ ವ್ಯಾಸದ) ಕ್ಲಾಂಪ್ ಬೋಲ್ಟ್‌ಗೆ ಅನೇಕ ಕೈಪಿಡಿಗಳು 16ರಿಂದ 20 ನ್ಯೂಟನ್ ಮೀಟರ್‌ನ ಆಸುಪಾಸಿನ ಅಂಕಿ ಕೊಡುತ್ತವೆ. ಮನೆಯ ಎಂಸಿಬಿಗಳ (ಕರೆಂಟ್ ಮಿತಿಮೀರಿದಾಗ ತಾನೇ ಕಡಿಯುವ ಸ್ವಿಚ್‌ಗಳ) ತಂತಿ ಹಿಡಿಯುವ ಟರ್ಮಿನಲ್ ಸ್ಕ್ರೂಗೆ ಅದು ಸಾಮಾನ್ಯವಾಗಿ 2ರಿಂದ 3.5. ಇನ್ನು ಕೆಲಸಗಾರರ ಕೈಯಲ್ಲಿರುವ 18 ವೋಲ್ಟ್‌ನ ಇಂಪ್ಯಾಕ್ಟ್ ಡ್ರೈವರ್‌ನ ಪೆಟ್ಟಿಗೆಯ ಮೇಲೆ ಗರಿಷ್ಠ ಟಾರ್ಕ್ 180 ಎಂದು ಅಚ್ಚಾಗಿರುವುದು ಅಪರೂಪವೇನಲ್ಲ. ಅಂದರೆ ಕ್ಲಾಂಪ್‌ಗೆ ಬೇಕಾದುದಕ್ಕಿಂತ ಸುಮಾರು 10 ಪಟ್ಟು, ಎಂಸಿಬಿಗೆ ಬೇಕಾದುದಕ್ಕಿಂತ 50 ಪಟ್ಟಿಗೂ ಹೆಚ್ಚು ಬಲ ಒಂದೇ ಟ್ರಿಗರ್‌ನ ಹಿಂದೆ ಕಾದಿರುತ್ತದೆ.

[ದೃಶ್ಯ: ಇಂಪ್ಯಾಕ್ಟ್ ಡ್ರೈವರ್‌ನ ಒಳಭಾಗದ ಚಿತ್ರ, ಸುತ್ತುವ ಸುತ್ತಿಗೆ, ಪೆಟ್ಟು ತಿನ್ನುವ ಅಡಿಗಲ್ಲು.]

ಇಂಪ್ಯಾಕ್ಟ್ ಡ್ರೈವರ್ ಬೋಲ್ಟನ್ನು ಒಂದೇ ಸಮನೆ ತಿರುಗಿಸುವುದು ಪ್ರತಿರೋಧ ಹೆಚ್ಚುವವರೆಗೆ ಮಾತ್ರ. ಆಮೇಲೆ ಅದರೊಳಗಿನ ಸುತ್ತಿಗೆಯು ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ, ಜಾರಿ, ಮತ್ತೆ ಮುಂದೆ ನುಗ್ಗಿ ಅಡಿಗಲ್ಲಿಗೆ ಬಡಿಯುತ್ತದೆ. ಹೀಗೆ ನಿಮಿಷಕ್ಕೆ 3,000ಕ್ಕೂ ಹೆಚ್ಚು ಪೆಟ್ಟುಗಳು ಬೀಳುತ್ತವೆ. ಪ್ರತಿ ಪೆಟ್ಟೂ ಬೋಲ್ಟನ್ನು ಇನ್ನಷ್ಟು ತಿರುಗಿಸುವುದರಿಂದ, ಕೊನೆಯ ಬಿಗಿತವನ್ನು ನಿರ್ಧರಿಸುವುದು ಯಂತ್ರದ ಮೇಲಿನ ಅಂಕಿಯಲ್ಲ, ಟ್ರಿಗರ್ ಒತ್ತಿ ಹಿಡಿದ ಸಮಯ. ಅರ್ಧ ಸೆಕೆಂಡ್ ತಡವಾಗಿ ಬೆರಳು ತೆಗೆದರೆ 25 ಪೆಟ್ಟು ಹೆಚ್ಚಿಗೆ ಬಿದ್ದಿರುತ್ತದೆ. ಜೊತೆಗೆ ಬ್ಯಾಟರಿಯ ಚಾರ್ಜ್, ಸಾಕೆಟ್‌ನ ಸಡಿಲಿಕೆ, ಎಕ್ಸ್‌ಟೆನ್ಷನ್‌ನ ಉದ್ದ ಎಲ್ಲವೂ ಪೆಟ್ಟಿನ ಬಲವನ್ನು ಬದಲಿಸುತ್ತವೆ. 18 ವೋಲ್ಟ್‌ನ ಬ್ಯಾಟರಿಯಲ್ಲಿ ಸರಣಿಯಾಗಿ 5 ಲಿಥಿಯಂ ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಅದು 21 ವೋಲ್ಟ್ ತೋರಿಸುತ್ತದೆ, ಖಾಲಿಯಾಗುತ್ತ ಬಂದಂತೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆಯ ಮೊದಲ ಬೋಲ್ಟ್‌ಗೂ ಮಧ್ಯಾಹ್ನದ ಕೊನೆಯ ಬೋಲ್ಟ್‌ಗೂ ಒಂದೇ ಬಿಗಿತ ಬರುತ್ತದೆಂದು ನಂಬಲು ಆಧಾರವಿಲ್ಲ.

ಡ್ರಿಲ್ ಡ್ರೈವರ್‌ನ ಕ್ಲಚ್ ಇದಕ್ಕಿಂತ ಮೇಲು, ಏಕೆಂದರೆ ನಿಗದಿತ ಪ್ರತಿರೋಧ ಬಂದಾಗ ಅದು ಜಾರಿ ನಿಲ್ಲುತ್ತದೆ. ಆದರೆ ಅದರ ಉಂಗುರದ ಮೇಲಿನ 1ರಿಂದ 20ರವರೆಗಿನ ಅಂಕಿಗಳು ಬರೀ ಮೆಟ್ಟಿಲುಗಳು, ನ್ಯೂಟನ್ ಮೀಟರ್‌ಗಳಲ್ಲ. 16ಕ್ಕೆ ಇಟ್ಟರೆ 16 ನ್ಯೂಟನ್ ಮೀಟರ್ ಸಿಗುತ್ತದೆಂದು ತಿಳಿಯುವುದು ತಪ್ಪು.

ಈಗ ಅತಿ ಮುಖ್ಯವಾದ ಮಾತಿಗೆ ಬರೋಣ. ಅನೇಕ ಕಡೆ ಕೆಲಸ ನಡೆಯುವ ರೀತಿ ಹೀಗಿದೆ: ಇಂಪ್ಯಾಕ್ಟ್ ಡ್ರೈವರ್‌ನಿಂದ ಬೋಲ್ಟನ್ನು ಪೂರ್ತಿ ಬಿಗಿದು, ಆಮೇಲೆ ಟಾರ್ಕ್ ರೆಂಚ್ (ಹೊಂದಿಸಿಟ್ಟ ಟಾರ್ಕ್ ತಲುಪಿದಾಗ ಸದ್ದು ಮಾಡುವ ಸಾಧನ) ಹಾಕಿ ‘ಟಕ್’ ಎಂಬ ಸದ್ದು ಬಂದೊಡನೆ ಪರೀಕ್ಷೆಯಾಯಿತು ಎಂದು ಮುಂದೆ ಹೋಗುತ್ತಾರೆ. ಬೋಲ್ಟ್ ಕದಲದೆ ಸದ್ದು ಬಂದರೆ ಅದು ಹೇಳುವುದು ಇಷ್ಟೇ: ಬಿಗಿತ ಆ ಅಂಕಿಗಿಂತ ಕಡಿಮೆಯಿಲ್ಲ. 18 ಬೇಕಾದಲ್ಲಿ 45 ಆಗಿದ್ದರೂ ಅದೇ ಸದ್ದು, ಅದೇ ಸಮಾಧಾನ. ಸಡಿಲವಾದ ಬೋಲ್ಟನ್ನು ಟಾರ್ಕ್ ರೆಂಚ್ ಹಿಡಿದುಕೊಡುತ್ತದೆ, ಅತಿಯಾಗಿ ಬಿಗಿದ ಬೋಲ್ಟನ್ನು ಎಂದಿಗೂ ಹಿಡಿಯಲಾರದು. ಅದಕ್ಕಾಗಿಯೇ ಬ್ಯಾಟರಿ ಡ್ರೈವರ್‌ನ ಕೆಲಸ ಕ್ಲಾಂಪ್ ಫ್ರೇಮಿಗೆ ತಾಕುವಲ್ಲಿಗೆ ಮುಗಿಯಬೇಕು, ಪೆಟ್ಟು ಶುರುವಾಗುವ ಮೊದಲೇ ಬೆರಳು ಟ್ರಿಗರ್ ಬಿಡಬೇಕು, ಉಳಿದ ಬಿಗಿತವೆಲ್ಲ ರೆಂಚ್‌ನಿಂದಲೇ ಬರಬೇಕು. ಸದ್ದಿಗೆ ಮುನ್ನ ಬೋಲ್ಟ್ ತಿರುಗುವುದನ್ನು ಕಣ್ಣಾರೆ ಕಂಡರೆ ಮಾತ್ರ ಆ ಸದ್ದಿಗೆ ಅರ್ಥವಿದೆ.

[ದೃಶ್ಯ: ಹತ್ತಿರದಿಂದ, ರೆಂಚ್ ನಿಧಾನವಾಗಿ ಸುಮಾರು ಕಾಲು ಸುತ್ತು ತಿರುಗಿ ಸದ್ದು ಮಾಡುತ್ತದೆ, ಕೈ ಅಲ್ಲೇ ನಿಲ್ಲುತ್ತದೆ.]

ಅತಿಯಾದ ಬಿಗಿತದಿಂದ ಆಗುವುದೇನು? ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು ಶೇ 90ರಷ್ಟು ಬೋಲ್ಟ್‌ನ ತಲೆಯಡಿಯ ಮತ್ತು ಥ್ರೆಡ್‌ನ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಿ ಪ್ಯಾನೆಲ್ಲನ್ನು ಒತ್ತಿ ಹಿಡಿಯುವುದು ಉಳಿದ ಶೇ 10ರಷ್ಟು ಮಾತ್ರ. ಎಂ8 ಬೋಲ್ಟ್‌ಗೆ 16 ನ್ಯೂಟನ್ ಮೀಟರ್ ಹಾಕಿದಾಗ, ಒಣ ಥ್ರೆಡ್‌ಗೆ ಟಾರ್ಕ್ ಗುಣಾಂಕ (ನಟ್ ಫ್ಯಾಕ್ಟರ್) 0.2 ಎಂದಿಟ್ಟುಕೊಂಡರೆ, ಸುಮಾರು 10,000 ನ್ಯೂಟನ್ ಹಿಡಿತ ಸಿಗುತ್ತದೆ. ಅದೇ ಬೋಲ್ಟ್‌ಗೆ ಗ್ರೀಸ್ ಸವರಿ ಗುಣಾಂಕ 0.12ಕ್ಕೆ ಇಳಿದರೆ, ಅದೇ 16ಕ್ಕೆ ಹಿಡಿತ 16,600 ನ್ಯೂಟನ್ ದಾಟುತ್ತದೆ. ಎ2-70 ದರ್ಜೆಯ ಸ್ಟೇನ್‌ಲೆಸ್ ಎಂ8 ಬೋಲ್ಟ್ ಸುಮಾರು 16,500 ನ್ಯೂಟನ್‌ಗೆ ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ. ಹಾಗೆ ಹಿಗ್ಗಿದ ಬೋಲ್ಟ್ ನೋಡಲು ಬಿಗಿಯಾಗಿಯೇ ಇರುತ್ತದೆ, ಅಲ್ಯೂಮಿನಿಯಂ ಫ್ರೇಮ್ ಮಾತ್ರ ಅಷ್ಟರಲ್ಲಿ ಒಳಕ್ಕೆ ಬಾಗಿ ಗಾಜಿನ ಅಂಚಿನ ಮೇಲೆ ಒತ್ತಡ ಬಿದ್ದಿರುತ್ತದೆ. ಕೈಪಿಡಿಯಲ್ಲಿರುವ ಅಂಕಿ ಒಣ ಥ್ರೆಡ್‌ಗೋ, ಎಣ್ಣೆ ಹಚ್ಚಿದ್ದಕ್ಕೋ ಎಂದು ಓದಿ ನೋಡಬೇಕಾದುದು ಇದೇ ಕಾರಣಕ್ಕೆ.

ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ಇನ್ನೊಂದು ಕಾಯಿಲೆಯಿದೆ. ವೇಗವಾಗಿ ತಿರುಗಿಸಿದಾಗ ಥ್ರೆಡ್ ಬಿಸಿಯಾಗಿ, ಮೇಲ್ಮೈಯ ರಕ್ಷಣಾ ಪದರ ಕಿತ್ತು, ಬೋಲ್ಟ್ ಮತ್ತು ನಟ್ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಗ ರೆಂಚ್ ಸದ್ದು ಮಾಡುತ್ತದೆ, ಆದರೆ ಕ್ಲಾಂಪ್ ಇನ್ನೂ ಸಡಿಲವಾಗಿರಬಹುದು. ಕಡಿಮೆ ವೇಗದ ಗೇರಿನಲ್ಲಿ ಓಡಿಸುವುದು, ಮೊದಲ ಎರಡು ಮೂರು ಸುತ್ತುಗಳನ್ನು ಬೆರಳಿನಿಂದಲೇ ಹಾಕುವುದು ಇದಕ್ಕೆ ಸರಿಯಾದ ಮದ್ದು.

[ದೃಶ್ಯ: ತೆರೆದ ಡಿಸಿಡಿಬಿ, ಅಂದರೆ ಡಿಸಿ ವಿತರಣಾ ಪೆಟ್ಟಿಗೆ, ಟಾರ್ಕ್ ಸ್ಕ್ರೂಡ್ರೈವರ್.]

ವಿದ್ಯುತ್ ಸಂಪರ್ಕಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಠಿಣವಾಗಿದೆ: ಟರ್ಮಿನಲ್ ಸ್ಕ್ರೂಗಳ ಹತ್ತಿರಕ್ಕೆ ಇಂಪ್ಯಾಕ್ಟ್ ಡ್ರೈವರ್ ಬರಲೇಬಾರದು. ಅತಿಯಾಗಿ ಬಿಗಿದರೆ ಎಂಸಿಬಿಯ ಕವಚ ಬಿರುಕು ಬಿಡುತ್ತದೆ, ತಂತಿಯ ಎಳೆಗಳು ತುಂಡಾಗುತ್ತವೆ. ಕಡಿಮೆ ಬಿಗಿದರೆ ಸಂಪರ್ಕದ ಪ್ರತಿರೋಧ ಏರುತ್ತದೆ. ಇಂದಿನ ಪ್ಯಾನೆಲ್‌ಗಳಲ್ಲಿ ಹರಿಯುವ 13 ಆಂಪಿಯರ್ ಕರೆಂಟ್‌ಗೆ 0.1 ಓಮ್ ಪ್ರತಿರೋಧ ಎದುರಾದರೆ ಆ ಒಂದು ಬಿಂದುವಿನಲ್ಲಿ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತದೆ. ಬಿಸಿಲಿರುವಷ್ಟು ಹೊತ್ತೂ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸಣ್ಣ ಸೋಲ್ಡರಿಂಗ್ ಐರನ್ ಉರಿಸಿಟ್ಟಂತೆ ಅದು. ಎಸಿ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಕಿಡಿ ತಾನೇ ಆರುವ ಅವಕಾಶವಿದೆ. ಡಿಸಿಯಲ್ಲಿ ಆ ಅವಕಾಶವಿಲ್ಲ, ಒಮ್ಮೆ ಹೊತ್ತಿಕೊಂಡ ಆರ್ಕ್ ಉರಿಯುತ್ತಲೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು 2017ರ ಆವೃತ್ತಿಯಲ್ಲಿ, ತಯಾರಕರು ಟಾರ್ಕ್ ನಮೂದಿಸಿದ ಕಡೆಗಳಲ್ಲಿ ಅಳತೆಯ ಉಪಕರಣದಿಂದಲೇ ಬಿಗಿಯಬೇಕೆಂಬ ನಿಯಮವನ್ನು ಸೇರಿಸಿತು.

ಟರ್ಮಿನಲ್‌ಗೆ ಇನ್ಸುಲೇಟೆಡ್ ಟಾರ್ಕ್ ಸ್ಕ್ರೂಡ್ರೈವರ್ ಬಳಸಿ. ಸಣ್ಣ ಎಳೆಗಳ ಸೋಲಾರ್ ಕೇಬಲ್‌ಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಸಣ್ಣ ಕೊಳವೆ) ಒತ್ತಿ, ಟರ್ಮಿನಲ್‌ನೊಳಗೆ ಪೂರ್ತಿ ಕೂರಿಸಿ, ಬಿಗಿದ ಮೇಲೆ ತಂತಿಯನ್ನು ಮೆಲ್ಲಗೆ ಎಳೆದು ನೋಡಿ. ಡಿಸಿ ಐಸೊಲೇಟರ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್ ಕಡೆಯ ತಂತಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಅದನ್ನು ಮರೆಯಬೇಡಿ.

ಈಗ ಟಾರ್ಕನ್ನು ನಿಜವಾಗಿಯೂ ಅಳೆಯುವ ಬ್ಯಾಟರಿ ಉಪಕರಣಗಳೂ ಬಂದಿವೆ. ಅವುಗಳಲ್ಲಿ ಕೆಲವು ಮೋಟಾರಿನ ಕರೆಂಟಿನಿಂದ ಟಾರ್ಕನ್ನು ಅಂದಾಜಿಸುತ್ತವೆ. ಇನ್ನು ಕೆಲವಕ್ಕೆ ಒಳಗೇ ಸ್ಟ್ರೇನ್ ಗೇಜ್ ಸಂವೇದಕವಿರುತ್ತದೆ, ಅವು ಪ್ರತಿ ಬೋಲ್ಟ್‌ನ ಬಿಗಿತವನ್ನು ದಾಖಲಿಸಿಡುತ್ತವೆ. ಸಾವಿರಾರು ಕ್ಲಾಂಪ್‌ಗಳಿರುವ ಸ್ಥಾವರಕ್ಕೆ ಎರಡನೆಯ ಬಗೆ ದುಬಾರಿಯಾದರೂ ಯೋಗ್ಯ. ಮನೆಗಳ ತಾರಸಿಯಲ್ಲಿ ದುಡಿಯುವ ತಂಡಕ್ಕೆ ಸಾಧಾರಣ ಬ್ಯಾಟರಿ ಡ್ರೈವರ್, ಒಂದು ಒಳ್ಳೆಯ ಟಾರ್ಕ್ ರೆಂಚ್, ಒಂದು ಟಾರ್ಕ್ ಸ್ಕ್ರೂಡ್ರೈವರ್ ಇದ್ದರೆ ಸಾಕು.

ರೆಂಚನ್ನು ಹಿಡಿಯ ಮಧ್ಯದಲ್ಲಿ ಹಿಡಿದು ಸಮನಾಗಿ ಎಳೆಯಬೇಕು. ಖಾತ್ರಿಗಾಗಿ ಎರಡನೆಯ ಬಾರಿ ‘ಟಕ್’ ಎನಿಸುವ ಅಭ್ಯಾಸ ಬಿಡಬೇಕು, ಅದು ಬಿಗಿತವನ್ನು ಹೆಚ್ಚಿಸಬಲ್ಲದು. ದಿನದ ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಅಂಕಿಗೆ ಇಳಿಸಿಡದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಐಎಸ್‌ಒ 6789 ಮಾನಕದ ಪ್ರಕಾರ 12 ತಿಂಗಳಿಗೊಮ್ಮೆ ಅಥವಾ 5,000 ಬಾರಿ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಕ್ಯಾಲಿಬ್ರೇಷನ್ (ಅದರ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಆಗಬೇಕು.

[ದೃಶ್ಯ: ಪೇಂಟ್ ಮಾರ್ಕರ್‌ನಿಂದ ಬೋಲ್ಟ್ ತಲೆಯಿಂದ ಕ್ಲಾಂಪ್‌ವರೆಗೆ ಒಂದು ಗೆರೆ.]

ಬಿಗಿದ ಪ್ರತಿ ಬೋಲ್ಟ್‌ನ ತಲೆಯಿಂದ ಕ್ಲಾಂಪ್‌ವರೆಗೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷ ತಪಾಸಣೆಗೆ ಬಂದವರು ಮೊದಲು ಆ ಗೆರೆಗಳನ್ನು ನೋಡಲಿ. ಗೆರೆ ಮುರಿದಿರುವ ಕಡೆ ಬೋಲ್ಟನ್ನು ಬಿಚ್ಚಿ, ಥ್ರೆಡ್ ಹಾಳಾಗಿದ್ದರೆ ಹೊಸದನ್ನು ಹಾಕಿ, ಕೈಪಿಡಿಯ ಅಂಕಿಗೆ ಮೊದಲಿನಿಂದ ಬಿಗಿಯಲಿ.