ಆಲಂ ರಾಕ್ ಕಣಿವೆಯಲ್ಲಿ ಡಬ್ಬಿ ಇಲ್ಲದ ಹುಡುಕಾಟ

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಸಾಫ್ಟ್‌ವೇರ್ ಕೆಲಸ, ಅಲ್ವಾ? ಅಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಹೋಗಿಬಂದವರು ಈಗ ಕೇಳುತ್ತಿರಬಹುದು. ಊರಿನ ಪೂರ್ವಕ್ಕೆ, ಬೆಟ್ಟದ ಸಾಲು ಶುರುವಾಗುವಲ್ಲಿ, ಆಲಂ ರಾಕ್ ಎಂಬ ಕಣಿವೆ ಇದೆ. 1872ರಿಂದ ಅದು ಊರಿನ ಪಾರ್ಕ್. ವಿಸ್ತಾರ 720 ಎಕರೆ. ನಾನು ಅಲ್ಲಿಗೆ ಹೋದದ್ದು ತಂಗಿಯ ಮಕ್ಕಳ ಜೊತೆ ಜಿಯೋಕ್ಯಾಶಿಂಗ್ ಆಡಲು.

ಆಟ ಸರಳ. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಮರೆಯಲ್ಲಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ನೀವು ಜಿಪಿಎಸ್ ಹಿಡಿದು ಹುಡುಕುತ್ತೀರಿ. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೀರಿ. ಇದು ಶುರುವಾದದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ಆ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಹುಡುಕಿ ನೋಡೋಣ ಅಂದರು. ಈಗ ಅಂಟಾರ್ಕ್ಟಿಕಾದಲ್ಲೂ ಈ ಡಬ್ಬಿಗಳಿವೆ.

ಆಲಂ ರಾಕ್‌ನಲ್ಲಿ ಹುಡುಕುವುದಕ್ಕೆ ಬೇಕಾದಷ್ಟಿದೆ. 1890ರಿಂದ 1932ರವರೆಗೆ ಈ ಕಣಿವೆ ದೇಶಕ್ಕೆಲ್ಲ ಗೊತ್ತಿದ್ದ ಆರೋಗ್ಯಧಾಮ. ಇಲ್ಲಿ 27 ಖನಿಜ ಚಿಲುಮೆಗಳಿದ್ದವು. ಒಳಾಂಗಣ ಈಜುಕೊಳ, ಟೀ ಗಾರ್ಡನ್, ಹೋಟೆಲು, ಕುಣಿಯಲು ಮಂಟಪ, ಎಲ್ಲ ಇತ್ತು. ಊರಿನಿಂದ ಕಣಿವೆಯೊಳಕ್ಕೆ ರೈಲು ಓಡುತ್ತಿತ್ತು. ನೀರು ಕುಡಿದರೆ, ಅದರಲ್ಲಿ ಮಿಂದರೆ ಕೀಲುನೋವು, ಹೊಟ್ಟೆನೋವು ಹೋಗುತ್ತದೆ ಎಂಬ ನಂಬಿಕೆ ಆಗ ಅಮೆರಿಕದ ಉದ್ದಗಲಕ್ಕೂ ಇತ್ತು. ಆಮೇಲೆ ಔಷಧಿ ಸುಧಾರಿಸಿತು, ಕಾರು ಬಂತು, ಜನ ಬೇರೆ ಕಡೆ ಹೊರಟರು. ಇಂಥ ಎಷ್ಟೋ ಧಾಮಗಳು ಹಾಗೇ ಬಾಗಿಲು ಹಾಕಿದವು.

ಇಲ್ಲೊಂದು ತಮಾಷೆಯ ಕತೆಯೂ ಇದೆ. ಪಾರ್ಕಿನ ದೊಡ್ಡ ಕರಿಬಂಡೆಯೊಂದನ್ನು ಆಕಾಶದಿಂದ ಬಿದ್ದ ಉಲ್ಕೆ ಅಂತ ಜನರಿಗೆ ತೋರಿಸುತ್ತಿದ್ದರು. ನೋಡಿದರೆ ಅದು ಮ್ಯಾಂಗನೀಸ್ ಅದಿರು! ಮೊದಲ ಮಹಾಯುದ್ಧದ ಹೊತ್ತಿಗೆ ಉಕ್ಕಿಗೆ ಬೇಕೆಂದು ಅದನ್ನು ಒಡೆದು ಸಾಗಿಸಿಬಿಟ್ಟರು.

ಪೆನಿಟೆನ್ಸಿಯಾ ತೊರೆಯ ಪಕ್ಕದ ದಾರಿಯಲ್ಲಿ ನಡೆದರೆ ಕಲ್ಲು ಕಟ್ಟಿದ ಕಮಾನುಗಳು ಕಾಣುತ್ತವೆ. ಗೋಡೆಯಲ್ಲಿ ದೀಪ ಇಡುವ ಗೂಡಿನ ಹಾಗೆ ಇವೆ, ಆದರೆ ದೊಡ್ಡವು. ಒಳಗೆ ಬಂಡೆಯ ಸಂದಿಯಿಂದ ನೀರು ಜಿನುಗುತ್ತದೆ. ಬಗ್ಗಿದ ಕೂಡಲೇ ಗಂಧಕದ ವಾಸನೆ. ಮಕ್ಕಳು "ಕೊಳೆತ ಮೊಟ್ಟೆ!" ಅಂತ ಮೂಗು ಮುಚ್ಚಿಕೊಂಡರು. ಪುತ್ತೂರಿನ ಹತ್ತಿರದ ಬೆಂದ್ರುತೀರ್ಥ ಎಂಬ ಚಿಲುಮೆ ನೋಡಿದವರಿಗೆ ಈ ವಾಸನೆ ಹೊಸದಲ್ಲ. ನೀರು ಹರಿದ ಜಾಡಿನಲ್ಲಿ ಬಿಳಿ ಹೊರಪದರ, ಅದರ ಅಂಚಿಗೆ ತುಕ್ಕಿನ ಬಣ್ಣ. ಉಗುರು ತಾಗಿಸಿದರೆ ಒರಟು, ಪಕ್ಕದಲ್ಲೇ ಲೋಳೆ. ಮಳೆನೀರು ಬಿರುಕುಗಳಲ್ಲಿ ಇಳಿದು, ಬಂಡೆಯೊಳಗಿನ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಸ್ಯಾನ್ ಹೋಸೆಯ ಪೂರ್ವದ ಬೆಟ್ಟಗಳಲ್ಲಿ ಭೂಕಂಪದ ಬಿರುಕುಗಳಿಗೇನು ಕೊರತೆ!

ಡಬ್ಬಿ ಅಡಗಿಸುವವನಿಗೆ ಇಂಥ ಕಲ್ಲುಗೋಡೆ ಆಸೆ ಹುಟ್ಟಿಸುವ ಜಾಗ. ಎಲ್ಲಿ ನೋಡಿದರೂ ಸಂದಿ. ನನಗೆ ಅದೇ ಸರಿಬರುವುದಿಲ್ಲ. ಕಣಿವೆಯಲ್ಲಿ ಉಪಗ್ರಹದ ಸಂಕೇತ ಬೆಟ್ಟದ ಗೋಡೆಗೆ ಬಡಿದು ಸುತ್ತಿಬರುತ್ತದೆ. ಫೋನಿನ ಬಾಣ ಒಮ್ಮೆ ತೊರೆಯ ಈ ದಡ ತೋರಿಸುತ್ತದೆ, ಒಮ್ಮೆ ಆ ದಡ. ಹುಡುಕುವವನು ಏನು ಮಾಡುತ್ತಾನೆ? ಸಿಕ್ಕ ಕಲ್ಲನ್ನೆಲ್ಲ ಅಲುಗಾಡಿಸಿ ನೋಡುತ್ತಾನೆ. ನೂರು ವರ್ಷದ ಹಿಂದಿನ ಗಾರೆ ಎಷ್ಟು ಕೈ ತಡೆದೀತು? ಡಬ್ಬಿ ಹೂಳಬಾರದು, ಜಾಗದವರ ಒಪ್ಪಿಗೆ ಇಲ್ಲದೆ ಇಡಬಾರದು ಅಂತ ಆಟದ ನಿಯಮವೇನೋ ಇದೆ. ಆದರೂ ನಮ್ಮ ಕೈ ಸುಮ್ನೆ ಇರಬೇಕಲ್ಲ! ಅಲ್ಲದೆ ಆ ಬೆಟ್ಟಗಳಲ್ಲಿ ಗಿಲಕಿ ಹಾವುಗಳಿವೆ, ಅಂದರೆ ಬಾಲ ಅಲ್ಲಾಡಿಸಿ ಸದ್ದು ಮಾಡುವ ವಿಷದ ಹಾವುಗಳು. ನೋಡದೆ ಸಂದಿಗೆ ಕೈ ಹಾಕುವುದು ಬೇಡವೇ ಬೇಡ.

ಅದಕ್ಕೇ ನನಗೆ ಹಿಡಿಸಿದ್ದು ಅರ್ಥ್‌ಕ್ಯಾಶ್ ಎಂಬ ಬಗೆ. 2004ರಲ್ಲಿ ಶುರುವಾದ ಇದರಲ್ಲಿ ಡಬ್ಬಿಯೇ ಇಲ್ಲ. ಜಾಗಕ್ಕೆ ಹೋಗಿ, ನೆಲವನ್ನೂ ಕಲ್ಲನ್ನೂ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ನಾವೂ ಆ ದಿನ ಅದೇ ಧಾಟಿಯಲ್ಲಿ ಆಡಿದೆವು. ಈ ಚಿಲುಮೆಗೂ ಆ ಚಿಲುಮೆಗೂ ಪದರದ ಬಣ್ಣ ಒಂದೇನಾ? ವಾಸನೆ ಎಲ್ಲಿ ಜಾಸ್ತಿ? ಯಾವ ಬಾಯಿ ಬತ್ತಿದೆ? ದೊಡ್ಡವಳು ಬರೆದುಕೊಂಡಳು. ಚಿಕ್ಕವನು ಮಾತ್ರ "ನಿಧಿ ಎಲ್ಲಿ?" ಅಂತ ಕೊನೆಯವರೆಗೂ ಕೇಳುತ್ತಲೇ ಇದ್ದ. ಅವನ ಪ್ರಶ್ನೆಯೂ ನ್ಯಾಯವೇ. ಡಬ್ಬಿ ತೆರೆದಾಗ ಗೋಲಿಯೋ ಪ್ಲಾಸ್ಟಿಕ್ ಡೈನೋಸಾರೋ ಸಿಗುವ ಖುಷಿ ಬೇರೆಯೇ. ಅವನಿಗಾಗಿ ಸಂಜೆ, ಪಾರ್ಕಿನಿಂದ ಹೊರಗೆ, ಊರಿನೊಳಗಿನ ಒಂದು ಡಬ್ಬಿ ಹುಡುಕಿಕೊಟ್ಟೆವು. ಎಲ್ಲಿತ್ತು ಅಂತ ಹೇಳುವ ಹಾಗಿಲ್ಲ. ಆಟಗಾರರು ಅದನ್ನು ಬಾಯಿಬಿಡುವುದಿಲ್ಲ.

ನೀವು ಹೋಗುವುದಾದರೆ ಉದ್ದ ಪ್ಯಾಂಟು ಹಾಕಿಕೊಳ್ಳಿ. ದಾರಿಯ ಬದಿಯಲ್ಲಿ ಪಾಯ್ಸನ್ ಓಕ್ ಎಂಬ ಗಿಡ ಇರುತ್ತದೆ. ಮೂರು ಮೂರು ಎಲೆಯ ಗೊಂಚಲು, ತಾಗಿದರೆ ದಿನಗಟ್ಟಲೆ ತುರಿಕೆ. ಚಿಲುಮೆಯ ನೀರನ್ನು ಮೂಸಿ ನೋಡಿ, ಕುಡಿಯಬೇಡಿ. ಉತ್ತರ ಸಿಕ್ಕಿದರೆ ಎಲ್ಲರಿಗೂ ಕಾಣುವಂತೆ ಬರೆಯದೆ, ಪ್ರಶ್ನೆ ಇಟ್ಟವರಿಗಷ್ಟೇ ಕಳಿಸಿ. ಮುಂದೆ ಬರುವವರಿಗೂ ಹುಡುಕಲು ಏನಾದರೂ ಬೇಕಲ್ಲ. ನಮಸ್ಕಾರ.