ಸರೋವರದ ಊರಿನಿಂದ ಬಂದ ಕಾದಂಬರಿ: ಫ್ಲೋರಾ ನ್ವಾಪಾ

ಕೇಳುಗರಿಗೆ ನಮಸ್ಕಾರ.

1962ರಲ್ಲಿ ನೈಜೀರಿಯಾದ ಯುವತಿಯೊಬ್ಬರು ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಅದೇ ದೇಶದ ಹೆಸರಾಂತ ಕಾದಂಬರಿಕಾರ ಚಿನುವಾ ಅಚಿಬೆ ಅವರಿಗೆ ಕಳಿಸಿದರು. ಲಂಡನ್ನಿನ ಹೈನಮನ್ ಪ್ರಕಾಶನ ಆ ವರ್ಷವಷ್ಟೇ ಶುರುಮಾಡಿದ್ದ 'ಆಫ್ರಿಕನ್ ರೈಟರ್ಸ್ ಸೀರೀಸ್' ಮಾಲೆಗೆ ಅಚಿಬೆ ಸಲಹಾ ಸಂಪಾದಕರು. ಅವರು ಓದಿದರು, ಮೆಚ್ಚಿದರು, ಮೆಚ್ಚಿ ಬರೆದ ಕಾಗದದ ಜೊತೆ ಹಸ್ತಪ್ರತಿಯನ್ನು ಲಂಡನ್ನಿಗೆ ಕಳಿಸಲು ಬೇಕಾದ ಅಂಚೆ ಖರ್ಚನ್ನೂ ಇಟ್ಟು ಕಳಿಸಿದರು. 1966ರಲ್ಲಿ ಆ ಕಾದಂಬರಿ ಮಾಲೆಯ 26ನೆಯ ಪುಸ್ತಕವಾಗಿ ಹೊರಬಂತು. ಹೆಸರು 'ಎಫುರು'. ಬರೆದವರು ಫ್ಲೋರಾ ನ್ವಾಪಾ. ಅಲ್ಲಿಯವರೆಗೆ ಆ ಮಾಲೆಯಲ್ಲಿ ಒಬ್ಬ ಲೇಖಕಿಯೂ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದು ಲಂಡನ್ನಿನಲ್ಲಿ ಕಾದಂಬರಿ ಪ್ರಕಟಿಸಿದ ಮೊದಲ ಆಫ್ರಿಕನ್ ಮಹಿಳೆ ಎಂದು ನ್ವಾಪಾ ಅವರನ್ನು ಗುರುತಿಸುವುದು ಇದೇ ಕಾರಣಕ್ಕೆ. ಅದೇ ವರ್ಷ ಕೀನ್ಯಾದ ಗ್ರೇಸ್ ಒಗೊಟ್ ಅವರ ಕಾದಂಬರಿಯೂ ಬಂತು, ಆದರೆ ಅದು ಬಂದದ್ದು ಪೂರ್ವ ಆಫ್ರಿಕಾದ ಪ್ರಕಾಶನದಿಂದ.

'ಮೊದಲನೆಯವರು' ಎಂಬ ಬಿರುದು ಒಬ್ಬ ಲೇಖಕಿಗೆ ನ್ಯಾಯ ಮಾಡುವುದಿಲ್ಲ. ನ್ವಾಪಾ ಅವರನ್ನು ತಿಳಿಯಬೇಕಾದರೆ ಅವರ ಊರಿನ ಸಂತೆಗೆ ಹೋಗಬೇಕು.

ಫ್ಲೋರಾ ಹುಟ್ಟಿದ್ದು 1931ರ ಜನವರಿ 13ರಂದು, ಆಗ್ನೇಯ ನೈಜೀರಿಯಾದ ಒಗುಟಾದಲ್ಲಿ. ಇಗ್ಬೊ ಭಾಷೆಯಾಡುವ ನಾಡು. ಊರಿಗೆ ಅಂಟಿಕೊಂಡೇ ದೊಡ್ಡ ಸರೋವರ, ಅದರಿಂದ ನದಿಗೆ ದಾರಿ, ನದಿಯಿಂದ ಸಮುದ್ರದ ಕಡೆಗೆ. ತಾಳೆ ಎಣ್ಣೆಯ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ವಿದೇಶಿ ಕಂಪನಿಗಳು ಈ ದಡದಲ್ಲಿ ಉಗ್ರಾಣ ಕಟ್ಟಿದ್ದವು. ಫ್ಲೋರಾ ಅವರ ತಂದೆ ಯುನೈಟೆಡ್ ಆಫ್ರಿಕಾ ಕಂಪನಿಯ ಏಜೆಂಟರು, ತಾಯಿ ಶಿಕ್ಷಕಿ. ಊರಿನ ಹೆಂಗಸರು ದೋಣಿಯಲ್ಲಿ ಸರಕು ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದರು. ಯಾರು ಸಾಲ ಕೊಡುತ್ತಾರೆ, ಯಾರು ತೀರಿಸುವುದಿಲ್ಲ, ಯಾವ ಸರಕಿಗೆ ಯಾವ ತಿಂಗಳು ಬೆಲೆ ಏರುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಸರೋವರದ ತಳದಲ್ಲಿ ಉಹಮಿರಿ ಎಂಬ ದೇವತೆ ಇದ್ದಾಳೆಂದು ಊರು ನಂಬುತ್ತದೆ. ಒಗ್ಬುಯಿಡೆ ಎಂಬುದು ಅವಳ ಇನ್ನೊಂದು ಹೆಸರು. ನ್ವಾಪಾ ಬರೆದ ಬಹುಪಾಲು ಪುಸ್ತಕಗಳಿಗೆ ಈ ಸಂತೆಯೂ ಈ ನೀರೂ ಮೂಲ.

ಇಬಾದಾನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1957ರಲ್ಲಿ ಬಿ.ಎ., ಮರುವರ್ಷ ಎಡಿನ್‌ಬರೋದಲ್ಲಿ ಶಿಕ್ಷಣ ಡಿಪ್ಲೊಮಾ. ಬಳಿಕ ಕಲಬಾರಿನಲ್ಲಿ ಶಿಕ್ಷಣಾಧಿಕಾರಿ, ಎನುಗುವಿನ ಕ್ವೀನ್ಸ್ ಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಭೂಗೋಳದ ಶಿಕ್ಷಕಿ, ಆಮೇಲೆ ಲಾಗೋಸ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ರಿಜಿಸ್ಟ್ರಾರ್.

ಈಗ 'ಎಫುರು' ಕಾದಂಬರಿಗೆ ಬರೋಣ. ಎಫುರು ಒಳ್ಳೆಯ ಮನೆತನದ ಹುಡುಗಿ. ಅಡಿಜುವಾ ಎಂಬ ಬಡವನನ್ನು ಮೆಚ್ಚಿ, ಅವನು ಹೆಣ್ಣಿನ ಮನೆಗೆ ತೆರ ಕೊಡುವ ಮೊದಲೇ ಅವನ ಮನೆಗೆ ಹೋಗಿಬಿಡುತ್ತಾಳೆ. ಹೊಲದ ಕೆಲಸ ತನಗೆ ಒಗ್ಗದು, ತಾನು ವ್ಯಾಪಾರವನ್ನೇ ಮಾಡುವೆ ಎನ್ನುತ್ತಾಳೆ. ಗಂಡ ಹೆಂಡತಿ ಇಬ್ಬರೂ ಒಣಗಿಸಿದ ಸೀಗಡಿ, ಮೀನಿನ ವ್ಯಾಪಾರಕ್ಕೆ ಇಳಿದು, ಬಂದ ಲಾಭದಲ್ಲೇ ತೆರದ ಹಣ ಹೊಂದಿಸಿ ಅವಳ ತಂದೆಗೆ ಸಲ್ಲಿಸುತ್ತಾರೆ. ಮುಂದೆ ಗಂಡ ಬಿಟ್ಟುಹೋಗುತ್ತಾನೆ, ಇದ್ದೊಂದು ಹೆಣ್ಣುಮಗು ಸಾಯುತ್ತದೆ. ಎರಡನೆಯ ಮದುವೆಯೂ ಮುರಿದುಬೀಳುತ್ತದೆ. ಅವಳು ಉಹಮಿರಿಯ ಪೂಜೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಈ ದೇವತೆ ತನ್ನನ್ನು ನಂಬಿದ ಹೆಂಗಸರಿಗೆ ಚೆಲುವು ಕೊಡುತ್ತಾಳೆ, ಸಿರಿ ಕೊಡುತ್ತಾಳೆ. ಆದರೆ ಅವಳಿಗೇ ಮಕ್ಕಳಿಲ್ಲ. ಹಾಗಿದ್ದರೂ ಹೆಂಗಸರು ಅವಳನ್ನು ಯಾಕೆ ಪೂಜಿಸುತ್ತಾರೆ? ಈ ಪ್ರಶ್ನೆಯೊಂದಿಗೆ ಕಾದಂಬರಿ ನಿಲ್ಲುತ್ತದೆ. ಆ ಕೊನೆಯ ಸಾಲುಗಳಲ್ಲಿ ಬರುವ ತಾಯ್ತನದ ಸಂತಸದ ಮಾತನ್ನೇ ನೈಜೀರಿಯಾದ ಇನ್ನೊಬ್ಬ ಲೇಖಕಿ ಬುಚಿ ಎಮೆಚೆಟಾ 1979ರಲ್ಲಿ ತಮ್ಮ ಕಾದಂಬರಿಗೆ ಶೀರ್ಷಿಕೆಯಾಗಿಸಿಕೊಂಡರು.

ಕನ್ನಡದ ಓದುಗರು ಈ ಪುಸ್ತಕ ಕೈಗೆತ್ತಿಕೊಂಡಾಗ ಎಡವುವ ಜಾಗಗಳು ಕೆಲವಿವೆ. ಮೊದಲನೆಯದು, ಇಂಗ್ಲಿಷ್ ಪಠ್ಯದಲ್ಲಿ 'ಡೌರಿ' ಎಂಬ ಪದವಿದೆ. ನಮಗೆ ತಟ್ಟನೆ ವರದಕ್ಷಿಣೆ ನೆನಪಾಗುತ್ತದೆ. ಅಲ್ಲಿ ಹಣ ಹೋಗುವುದು ತಿರುಗಾಮುರುಗಾ: ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಕೊಡುವುದು. ನಮ್ಮಲ್ಲಿ ಹಿಂದೆ 'ತೆರ' ಎನ್ನುತ್ತಿದ್ದ ಪದ್ಧತಿಯೇ ಅದು. ಈ ಒಂದು ಪದವನ್ನು ತಪ್ಪಾಗಿ ತಿಳಿದರೆ ಎಫುರು ತೋರಿದ ದಿಟ್ಟತನವೇ ಅರ್ಥವಾಗುವುದಿಲ್ಲ. ಇನ್ನು 'ಸ್ನಾನ'. ಮದುವೆಯಾದ ಹೊಸತರಲ್ಲಿ ಅವಳಿಗೆ 'ಸ್ನಾನ' ಮಾಡಿಸುತ್ತಾರೆ ಎಂದು ಬರುತ್ತದೆ. ಅದು ಸ್ತ್ರೀ ಸುನ್ನತಿಗೆ ಊರಿನವರು ಇಟ್ಟ ಮರೆಮಾತು. ನ್ವಾಪಾ ಅದನ್ನು ಖಂಡಿಸಿ ಭಾಷಣ ಮಾಡುವುದಿಲ್ಲ. ನೋವನ್ನೂ, ಆಮೇಲಿನ ಆರೈಕೆ ಊಟೋಪಚಾರವನ್ನೂ ಊರು ಕಂಡಂತೆಯೇ ಬರೆಯುತ್ತಾರೆ. ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ನ್ಕ್ವೊ. ಸಂತೆ ನಡೆಯುವುದು ಈ ಲೆಕ್ಕದಲ್ಲಿ, ಉಹಮಿರಿಯ ವ್ರತ ಒರಿಯೆ ದಿನ. ಇನ್ನೊಂದು ಮಾತು: ಎರಡನೆಯ ಗಂಡ ಎನೆಬೆರಿಯೂ ಗಿಲ್ಬರ್ಟನೂ ಒಬ್ಬನೇ. ಒಂದು ಊರು ಇಟ್ಟ ಹೆಸರು, ಇನ್ನೊಂದು ಕ್ರೈಸ್ತ ಹೆಸರು.

ಬರವಣಿಗೆಯ ರೀತಿಯೂ ಮೊದಲಿಗೆ ವಿಚಿತ್ರ ಅನ್ನಿಸಬಹುದು. ಪುಟ ಪುಟವೂ ಬರೀ ಮಾತುಕತೆ. ಆ ಕಾಲದ ಕೆಲವು ವಿಮರ್ಶಕರು ಇದನ್ನು ಹೆಂಗಸರ ಹರಟೆ ಎಂದು ಬದಿಗೆ ಸರಿಸಿದರು. ಅವರು ಹುಡುಕುತ್ತಿದ್ದದ್ದು ಬಿಳಿಯರ ಆಳ್ವಿಕೆಯೊಂದಿಗಿನ ಸಂಘರ್ಷವನ್ನು. ಆದರೆ ಈ ಊರಿನಲ್ಲಿ ತೀರ್ಪು ಹೊರಡುವುದೇ ಮಾತಿನಿಂದ. ಅತ್ತೆಯ ತಂಗಿ ಅಜನುಪು ಎಂಬ ಪಾತ್ರವನ್ನು ಗಮನಿಸಿ: ಬಸುರಿಗೆ ಪಥ್ಯ ಹೇಳುವವಳು ಅವಳು, ಸಾಲ ವಸೂಲಿ ಮಾಡುವವಳೂ ಅವಳೇ. ಕೊನೆಗೆ ಗಿಲ್ಬರ್ಟ್ ಎಫುರುವಿನ ಶೀಲವನ್ನು ಶಂಕಿಸಿದಾಗ ಒನಕೆ ಎತ್ತಿ ಅವನ ತಲೆಗೆ ಬಾರಿಸುವವಳೂ ಅವಳೇ. ಇದು ಹರಟೆಯೆಂದರೆ ನಾನಂತೂ ಒಪ್ಪಲಾರೆ.

ಪುಸ್ತಕ ಬಂದ 1966 ನೈಜೀರಿಯಾಕ್ಕೆ ಕೆಟ್ಟ ವರ್ಷ. ಜನವರಿಯಲ್ಲಿ ಸೇನಾ ದಂಗೆ, ಜುಲೈಯಲ್ಲಿ ಇನ್ನೊಂದು, ಉತ್ತರದಲ್ಲಿ ಇಗ್ಬೊ ಜನರ ಕಗ್ಗೊಲೆ. 1967ರಲ್ಲಿ ಇಗ್ಬೊ ಜನರೇ ಹೆಚ್ಚಾಗಿದ್ದ ಪೂರ್ವ ಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು. ಮೂವತ್ತು ತಿಂಗಳ ಯುದ್ಧ. ಬಿಯಾಫ್ರಾಕ್ಕೆ ಆಹಾರ ಹೋಗುವ ದಾರಿಗಳೇ ಮುಚ್ಚಿದ್ದಾಗ ಪುಸ್ತಕ ಹೋಗುವುದೆಲ್ಲಿ? ಒಗುಟಾದ ಹೆಂಗಸರ ಮೇಲೆ ಬರೆದ ಕಾದಂಬರಿ ಒಗುಟಾಕ್ಕೆ ತಲುಪದ ಪರಿಸ್ಥಿತಿ ಅದು. ನ್ವಾಪಾ ಲಾಗೋಸ್ ಬಿಟ್ಟು ತಮ್ಮ ನಾಡಿಗೆ ಮರಳಿದ್ದರು. 1968ರಲ್ಲಿ ನೈಜೀರಿಯಾದ ಫೆಡರಲ್ ಸೇನೆ ಒಗುಟಾಕ್ಕೂ ನುಗ್ಗಿತು. ಕೆಲವೇ ದಿನಗಳಲ್ಲಿ ಬಿಯಾಫ್ರಾದ ಪಡೆ ಅದನ್ನು ಹಿಮ್ಮೆಟ್ಟಿಸಿತು. ಊರನ್ನು ಉಳಿಸಿದ್ದು ಉಹಮಿರಿ ಎಂದರು ಜನ. 1975ರ 'ನೆವರ್ ಅಗೇನ್' ಎಂಬ ಪುಟ್ಟ ಕಾದಂಬರಿ ಈ ದಿನಗಳದ್ದು. ಶತ್ರು ಬರುತ್ತಿದ್ದಾನೆ ಎಂದು ನಿಜ ಹೇಳಿದವರನ್ನೇ ದ್ರೋಹಿಗಳೆಂದು ಕರೆಯುವ ಸುಳ್ಳು ಪ್ರಚಾರವನ್ನು ಅದು ನೇರವಾಗಿ ಎದುರಿಸುತ್ತದೆ. ನನ್ನ ಲೆಕ್ಕದಲ್ಲಿ ಅವರ ಅತ್ಯಂತ ಬಿಗಿಯಾದ ಪುಸ್ತಕ ಅದೇ.

ಯುದ್ಧ ಮುಗಿದ 1970ರಲ್ಲಿ ಎರಡನೆಯ ಕಾದಂಬರಿ 'ಇದು' ಬಂತು. ಅದು ನಾಯಕಿಯ ಹೆಸರು. ಅದೇ ವರ್ಷ ಅವರು ಈಸ್ಟ್ ಸೆಂಟ್ರಲ್ ರಾಜ್ಯದ ಆರೋಗ್ಯ ಮತ್ತು ಸಮಾಜ ಕಲ್ಯಾಣ ಕಮಿಷನರ್ ಆದರು, ಅಂದರೆ ಸಚಿವೆ. ತಂದೆತಾಯಿಯರಿಂದ ಅಗಲಿದ ಮಕ್ಕಳಿಗೆ ಮನೆ ಹುಡುಕುವುದು ಆಗಿನ ದೊಡ್ಡ ಹೊಣೆ. ಸುಮಾರು 2000 ಮಕ್ಕಳಿಗೆ ಅವರ ಇಲಾಖೆ ಆಸರೆ ಕಲ್ಪಿಸಿತು. ಆಮೇಲೆ 1974ರವರೆಗೆ ಭೂಮಿ, ಸರ್ವೆ ಮತ್ತು ನಗರಾಭಿವೃದ್ಧಿ ಖಾತೆ.

ಅಧಿಕಾರದಿಂದ ಇಳಿದ ಮೇಲೆ ಎನುಗುವಿನಲ್ಲಿ ತಾನಾ ಪ್ರೆಸ್ ಕಟ್ಟಿದರು. 1977ರಲ್ಲಿ ಫ್ಲೋರಾ ನ್ವಾಪಾ ಕಂಪನಿ. ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ ತಮ್ಮ ಜನರ ಕೈಗೆ ಸಿಗುವುದಿಲ್ಲ ಎಂಬ ಕೊರಗು ಅವರಿಗಿತ್ತು. ಎಫುರುವಿನಂತೆ ತಾವೇ ಸರಕು ಹೊತ್ತರು. 'ಮ್ಯಾಮಿವಾಟರ್' ಎಂಬ ಮಕ್ಕಳ ಕಥೆಯಲ್ಲಿ ಸರೋವರದ ದೇವತೆ ಮತ್ತೆ ಬಂದಳು. 1981ರ 'ಒನ್ ಈಸ್ ಎನಫ್' ಕಾದಂಬರಿಯ ಅಮಾಕಾ ಗಂಡನನ್ನು ಬಿಟ್ಟು ಲಾಗೋಸಿಗೆ ಹೋಗಿ, ಕಾಂಟ್ರಾಕ್ಟ್ ಹಿಡಿದು ಹಣ ಮಾಡಿ, ಅವಳಿ ಮಕ್ಕಳ ತಾಯಾಗಿಯೂ ಮತ್ತೆ ಮದುವೆ ಬೇಡ ಎನ್ನುತ್ತಾಳೆ. 1986ರ 'ಕಸಾವಾ ಸಾಂಗ್ ಅಂಡ್ ರೈಸ್ ಸಾಂಗ್' ಕವನ ಪುಸ್ತಕ ಮರಗೆಣಸನ್ನು ತಾಯಿ ಎಂದು ಹಾಡುತ್ತದೆ. ಹೊರದೇಶದಿಂದ ಅಕ್ಕಿ ತರಿಸಿ ತಿನ್ನುವ ಹಂಬಲದಲ್ಲಿ, ಯುದ್ಧದ ಹಸಿವಿನಲ್ಲಿ ಕಾಪಾಡಿದ ಗೆಡ್ಡೆಯನ್ನು ಮರೆತವರ ಮೇಲೆ ಅಲ್ಲಿ ಸಿಟ್ಟಿದೆ.

ಪ್ರಕಾಶನ ಸುಲಭವಾಗಿರಲಿಲ್ಲ. 1986ರಿಂದ ನೈಜೀರಿಯಾದ ನಾಣ್ಯ ನೈರಾದ ಬೆಲೆ ಕುಸಿಯಿತು, ಹೊರದೇಶದ ಕಾಗದ ತುಟ್ಟಿಯಾಯಿತು. ಇಂಥ ಕಾಲದಲ್ಲಿ ಸಣ್ಣ ಪ್ರಕಾಶಕರ ಸಂಕಟ ಹೀಗೆ: ಮೊದಲ ಮುದ್ರಣ ಪೂರ್ತಿ ಮಾರಾಟವಾದರೂ ಆ ಹಣ ಎರಡನೆಯ ಮುದ್ರಣದ ಕಾಗದಕ್ಕೆ ಸಾಲದು. ಅಂಗಡಿಯವರಿಗೆ ಉದ್ದರಿ ಕೊಟ್ಟಿದ್ದರೆ ಹಣ ಕೈಸೇರುವಷ್ಟರಲ್ಲಿ ಅದರ ಬೆಲೆ ಇನ್ನೂ ಇಳಿದಿರುತ್ತದೆ. 1992ರಲ್ಲಿ ಅಮೆರಿಕದ ಆಫ್ರಿಕಾ ವರ್ಲ್ಡ್ ಪ್ರೆಸ್ ಅವರ ಕೆಲವು ಪುಸ್ತಕಗಳನ್ನು ಮರುಮುದ್ರಿಸಿದ ಮೇಲೆ ಅವು ಹೊರಗಿನ ಓದುಗರಿಗೆ ಸಿಕ್ಕವು.

1993ರ ಅಕ್ಟೋಬರ್ 16ರಂದು, 62ರ ವಯಸ್ಸಿನಲ್ಲಿ, ಎನುಗುವಿನಲ್ಲಿ ನ್ವಾಪಾ ತೀರಿಕೊಂಡರು. 'ದ ಲೇಕ್ ಗಾಡೆಸ್' ಎಂಬ ಹಸ್ತಪ್ರತಿ ಉಳಿದಿತ್ತು. ಸರೋವರದ ದೇವತೆಯ ಕರೆಗೆ ಓಗೊಟ್ಟು ಪೂಜಾರಿಣಿಯಾಗುವ ಓನಾ ಎಂಬ ಹೆಣ್ಣಿನ ಕಥೆ ಅದು. ಪುಸ್ತಕವಾಗಿ ಹೊರಬಂದದ್ದು 2017ರಲ್ಲಿ.

ನಮಸ್ಕಾರ.