ಬಿಳಿ ಕೋಟಿಲ್ಲದ ಒಳಗಿನವರು

ಕೇಳುಗರೆಲ್ಲರಿಗೂ ನಮಸ್ಕಾರ.

ಸಮುದಾಯ ಆರೋಗ್ಯ ಸೇವೆಯಲ್ಲಿ ವೈದ್ಯರೂ ಅಲ್ಲದ, ದಾದಿಯರೂ ಅಲ್ಲದ ಕೆಲಸಗಾರರ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ನಾನು ಇಂದು ಮಾತನಾಡುತ್ತಿರುವುದು ಇಂಥ ಕೆಲಸಕ್ಕೆ ಹೊಸದಾಗಿ ಸೇರಿದವರ ಜೊತೆ, ಇಲ್ಲವೇ ಅರ್ಜಿ ಹಾಕಲೋ ಬೇಡವೋ ಎಂದು ಯೋಚಿಸುತ್ತ ಕುಳಿತವರ ಜೊತೆ. ನೋಂದಣಿ ಕೌಂಟರಿನಲ್ಲಿ ಚೀಟಿ ಬರೆಯುವವರು, ಔಷಧ ಉಗ್ರಾಣ ನೋಡಿಕೊಳ್ಳುವವರು, ವಾಹನ ಓಡಿಸುವವರು, ನೆಲ ಒರೆಸುವವರು, ಬಟ್ಟೆ ಒಗೆಯುವವರು, ಅಡುಗೆಯವರು, ಕಂಪ್ಯೂಟರಿನಲ್ಲಿ ದಾಖಲೆ ತುಂಬುವವರು. ಉಳಿದವರೂ ಕೇಳಬಹುದು, ಅಡ್ಡಿಯಿಲ್ಲ.

ಹೇಳುವುದಕ್ಕೆ ಇರುವುದು ಒಂದೇ ಮಾತು: ನೀವು ಒಳಗಿನವರು. ಇಂಥವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೊದಲ ದಿನ ಪರಿಚಯ ಹೇಳಿಕೊಳ್ಳಿ ಎಂದರೆ ಸಾಕು, ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, "ನಾನು ಚಿಕಿತ್ಸೆಯ ಕಡೆಯವನಲ್ಲ, ಆಫೀಸಿನ ಕಡೆಯವನು" ಎನ್ನುತ್ತಾರೆ. ನನಗೆ ಸ್ವಲ್ಪ ರೇಗುತ್ತದೆ, ಕ್ಷಮಿಸಬೇಕು. ಒಂದೇ ಕಟ್ಟಡ, ಒಂದೇ ಬಾಗಿಲು, ಒಂದೇ ಗಾಳಿ. ಕಡೆ ಎಲ್ಲಿಂದ ಬಂತು? ನಿಮ್ಮ ಗುರುತಿನ ಚೀಟಿಯಲ್ಲಿ ಏನು ಬರೆದಿದೆ ಎಂದು ರೋಗಾಣು ಓದುವುದಿಲ್ಲ.

ಇದಕ್ಕೆ ನಾನು ಯಾವಾಗಲೂ ಹೇಳುವ ಒಂದು ನಡೆದ ಸಂಗತಿಯಿದೆ. ಸಿಡುಬು ರೋಗ ಭೂಮಿಯಿಂದ ಅಳಿದುಹೋದದ್ದು ನಿಮಗೆ ಗೊತ್ತು. ಪ್ರಕೃತಿಯಲ್ಲಿ ಹಬ್ಬುತ್ತಿದ್ದ ಆ ರೋಗ ಕೊನೆಯದಾಗಿ ತಗುಲಿದ್ದು ಯಾರಿಗೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಸೊಮಾಲಿಯಾ ದೇಶದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್. ವರ್ಷ 1977, ತಿಂಗಳು ಅಕ್ಟೋಬರ್. ಆತ ಏನಾಗಿದ್ದ ಬಲ್ಲಿರಾ? ಆಸ್ಪತ್ರೆಯ ಅಡುಗೆಯವನು!

ಒಂದು ದಿನ ಆ ಆಸ್ಪತ್ರೆಗೆ ಒಂದು ವಾಹನ ಬಂತು. ಒಳಗೆ ಸಿಡುಬು ತಗುಲಿದ್ದ ಇಬ್ಬರು ಮಕ್ಕಳು. ರೋಗಿಗಳನ್ನು ಬೇರೆಯಾಗಿ ಇಡುವ ಜಾಗ ಎಲ್ಲಿದೆ ಎಂದು ಚಾಲಕನಿಗೆ ತಿಳಿಯದು. ಮಾಲಿನ್ ಆಗ 23 ವರ್ಷದ ಯುವಕ, ಉಪಕಾರಿ ಮನುಷ್ಯ. "ನಾನು ತೋರಿಸುತ್ತೇನೆ ಬನ್ನಿ" ಎಂದು ಹತ್ತಿ ಕುಳಿತ. ಕೆಲವೇ ನಿಮಿಷಗಳ ದಾರಿ. ಔಷಧ ಕೊಟ್ಟಿಲ್ಲ, ಗಾಯ ಮುಟ್ಟಿಲ್ಲ. ದಾರಿ ತೋರಿಸಿದ, ಇಳಿದ, ಕೆಲಸಕ್ಕೆ ಹಿಂದಿರುಗಿದ. ಅಷ್ಟು ಸಾಕಾಯಿತು.

ಆ ಆಸ್ಪತ್ರೆಯ ಸಿಬ್ಬಂದಿಯೆಲ್ಲ ಸಿಡುಬಿನ ಲಸಿಕೆ ಹಾಕಿಸಿಕೊಳ್ಳಬೇಕಿತ್ತು. ಲಸಿಕೆ ಚುಚ್ಚಿದರೆ ನೋವಾಗುತ್ತದೆ ಎಂದು ಹೆದರಿ ಮಾಲಿನ್ ತೋಳು ಹಿಡಿದುಕೊಂಡು, ಹಾಕಿಸಿಕೊಂಡವರಂತೆ ನಟಿಸಿ ದಾಟಿಕೊಂಡಿದ್ದ. ಇದನ್ನು ಆತನೇ ಮುಂದೆ ಹೇಳಿಕೊಂಡಿದ್ದಾನೆ. ದಾರಿ ತೋರಿಸಿ ಬಂದ ಕೆಲವು ದಿನಗಳ ಮೇಲೆ ಜ್ವರ ಬಂತು. ಮೊದಲು ಮಲೇರಿಯಾ ಎಂದರು. ಮೈಮೇಲೆ ಗುಳ್ಳೆ ಎದ್ದಾಗ ಸೀತಾಳೆ ಸಿಡುಬು, ಅಂದರೆ ಬೇರೆಯದೇ ರೋಗವಾದ ಚಿಕನ್‌ಪಾಕ್ಸ್, ಎಂದು ಮನೆಗೆ ಕಳಿಸಿದರು. ನೋಡಿ, ಆಸ್ಪತ್ರೆಯಲ್ಲೇ ದುಡಿಯುವವನು, ಸಿಡುಬಿನ ಹುಡುಕಾಟ ಜೋರಾಗಿ ನಡೆದಿದ್ದ ಕಾಲ, ಆದರೂ ಅಡುಗೆಯವನಿಗೆ ಸಿಡುಬು ಬಂದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಆತನಿಗೆ ಅನುಮಾನವಿತ್ತು, ಆದರೆ ಒಂಟಿಯಾಗಿ ಕೂಡಿಹಾಕುತ್ತಾರೆ ಎಂದು ಸುಮ್ಮನಿದ್ದ. ಕೊನೆಗೆ ಒಬ್ಬ ದಾದಿಯಿಂದ ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು.

ಆಮೇಲೆ ಗಲಿಬಿಲಿ. ಆಸ್ಪತ್ರೆಗೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದು ನಿಂತಿತು. ಆತ ಯಾರ ಯಾರ ಹತ್ತಿರ ಕುಳಿತಿದ್ದ, ಯಾರ ಮನೆಗೆ ಹೋಗಿದ್ದ ಎಂದು ಹುಡುಕಿದರು. ಊರಿನಲ್ಲಿ 50,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. ಪುಣ್ಯಕ್ಕೆ ಆತನಿಂದ ಒಬ್ಬರಿಗೂ ರೋಗ ಹರಡಲಿಲ್ಲ. ಆತನೂ ಬದುಕಿದ. ವಾಹನದಲ್ಲಿದ್ದ ಇಬ್ಬರು ಮಕ್ಕಳಲ್ಲಿ ಆರು ವರ್ಷದ ಹುಡುಗಿ ಉಳಿಯಲಿಲ್ಲ. 1980ರ ಮೇ ತಿಂಗಳಲ್ಲಿ ಸಿಡುಬು ಅಳಿಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು.

ಇನ್ನೂ ಇದೆ, ಕೇಳಿ. ಸೂಜಿಗೆ ಹೆದರಿದ್ದ ಅದೇ ಮನುಷ್ಯ ಮುಂದೆ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ಹಿಂದೆಗೆಯುತ್ತಿದ್ದ ತಾಯಿತಂದೆಯರ ಎದುರು ಕುಳಿತು ತನ್ನ ಕಥೆಯನ್ನೇ ಹೇಳಿ ಒಪ್ಪಿಸುತ್ತಿದ್ದ. 2013ರಲ್ಲಿ ಆ ಕೆಲಸದಲ್ಲಿ ಇರುವಾಗಲೇ ಮಲೇರಿಯಾದಿಂದ ತೀರಿಕೊಂಡ. ವೈದ್ಯರು ಹೇಳಿದ್ದರೆ ಒಪ್ಪದವರು ಒಬ್ಬ ಅಡುಗೆಯವನು ಹೇಳಿದಾಗ ಒಪ್ಪಿದ್ದರೆ ನನಗೇನೂ ಆಶ್ಚರ್ಯವಿಲ್ಲ. ಅವರಂತೆ ಮಾತನಾಡುವವನು ಅವನೇ.

ಈಗ ನಿಮ್ಮ ವಿಷಯ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿ: ನನಗೆ ಹೆಪಟೈಟಿಸ್ ಬಿ ಲಸಿಕೆ ಯಾವಾಗ? ಹೆಪಟೈಟಿಸ್ ಬಿ ಎಂದರೆ ರಕ್ತದ ಮೂಲಕ ಹರಡಿ ಯಕೃತ್ತನ್ನು ಕೆಡಿಸುವ ವೈರಾಣು ರೋಗ. ಕೇಳಲು ಸಂಕೋಚ ಬೇಡ, ಅದು ಯಾರೂ ಮಾಡುವ ಉಪಕಾರವಲ್ಲ. ಮೂರು ಡೋಸ್. ಇಂದು ಒಂದು, ತಿಂಗಳ ನಂತರ ಒಂದು, ಮೊದಲನೆಯದಕ್ಕೆ ಆರು ತಿಂಗಳಾದಾಗ ಇನ್ನೊಂದು. ಮೂರನೆಯದನ್ನು ಮರೆಯುವವರೇ ಹೆಚ್ಚು, ಮರೆಯಬೇಡಿ. ಆ ವೈರಾಣು ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಜೀವಂತವಾಗಿ ಇರಬಲ್ಲದು. ಆ ಕಲೆಯನ್ನು ಒರೆಸುವವರು ಯಾರು? ಆ ಹೊದಿಕೆಯನ್ನು ಒಗೆಯುವವರು ಯಾರು? ವೈದ್ಯರಲ್ಲ. ನೀವು ಒಳಗಿನವರು ಎಂದು ನಾನು ಹೇಳುತ್ತಿರುವುದು ಗೌರವಕ್ಕಾಗಿ ಮಾತ್ರ ಎಂದುಕೊಳ್ಳಬೇಡಿ.

ಕಸದ ಚೀಲದಲ್ಲೋ ಮುದುಡಿದ ಹೊದಿಕೆಯಲ್ಲೋ ಇದ್ದ ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ, ಆ ಕ್ಷಣವೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಆರಂಭವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ, ಎರಡು ದಿನ ಅಲ್ಲೇ ಹೋಗಿರುತ್ತದೆ. ಸೂಜಿಯ ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಬೇಕು. ತುಳುಕುವವರೆಗೆ ಬಿಟ್ಟರೆ ಅದನ್ನು ಎತ್ತುವವರ ಕೈಗೇ ಚುಚ್ಚುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ.

ಉಗ್ರಾಣದವರೇ, ನೀವು ನೋಡಿಕೊಳ್ಳುವ ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ದಿನಕ್ಕೆ ಎರಡು ಬಾರಿ ನೋಡಿ ಬರೆಯಿರಿ, ರಜೆಯ ದಿನವೂ ಸೇರಿ. ಎಲ್ಲರೂ ಬಿಸಿಗೆ ಹೆದರುತ್ತಾರೆ. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಸೀಸೆಯ ಮೇಲಿನ ಬಣ್ಣ ಬದಲಾಗುವ ಗುರುತು ಬಿಸಿಯನ್ನು ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಆ ಸುಳಿವು ಮೊದಲು ಸಿಗುವುದು ನಿಮ್ಮ ಪುಸ್ತಕದಲ್ಲಿ. ಹಾಗಾಗಿ ಸೊನ್ನೆಗಿಂತ ಕೆಳಗೆ ಇದ್ದರೆ ಹಾಗೆಯೇ ಬರೆಯಿರಿ. ತಿಂಗಳಿಡೀ ಸಾಲಾಗಿ 4 ಎಂದು ತುಂಬಿದ ಪುಸ್ತಕ ಕಂಡರೆ ನನಗೆ ಮೊದಲು ಬರುವುದು ಅನುಮಾನ.

ಕೌಂಟರಿನವರೇ, "ನೀವು ಇಂಥವರಲ್ಲವೇ?" ಎಂದು ಕೇಳಬೇಡಿ. ಕಿವಿ ಮಂದವಾದವರು, ಗಾಬರಿಯಲ್ಲಿರುವವರು ಎಲ್ಲಕ್ಕೂ ತಲೆಯಾಡಿಸುತ್ತಾರೆ. "ನಿಮ್ಮ ಹೆಸರೇನು, ಹುಟ್ಟಿದ ದಿನ ಯಾವುದು?" ಎಂದು ಅವರ ಬಾಯಿಂದಲೇ ಹೇಳಿಸಿ. ಒಂದೇ ಹೆಸರಿನ ಇಬ್ಬರ ಕಡತ ಅದಲುಬದಲಾದರೆ ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ಇದು ಚಿಕಿತ್ಸೆ ಅಲ್ಲದಿದ್ದರೆ ಮತ್ತೇನು?

ಕಡತದಲ್ಲಿ ಓದಿದ್ದು ಕಡತದಲ್ಲೇ ಇರಲಿ. ನೆರೆಯವರ ಕ್ಷಯದ ಸುದ್ದಿ ನಿಮ್ಮ ಬಾಯಿಂದ ಹೊರಬಿದ್ದರೆ ಅವರು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ, ಆರು ತಿಂಗಳ ಮಾತ್ರೆ ನಡುವೆಯೇ ನಿಲ್ಲುತ್ತದೆ.

ಚಾಲಕರ ಬಗ್ಗೆ, ದಾಖಲೆ ತುಂಬುವವರ ಬಗ್ಗೆ ಬರೆದುಕೊಂಡು ಬಂದಿದ್ದ ಎರಡು ಪುಟ ಕೈಯಲ್ಲೇ ಉಳಿದಿದೆ. ಮತ್ತೊಮ್ಮೆ ಕರೆದರೆ ಅಲ್ಲಿಂದಲೇ ಆರಂಭಿಸುತ್ತೇನೆ. ನಮಸ್ಕಾರ.